ಸಹಾಯ ಬೇಕು: ಕಸದಲ್ಲಿ ಸಿಕ್ಕ ಹುಲ್ಲು ಕತ್ತರಿಸುವ ಮೆಷಿನ್

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ಒಂದು ಮನೆ ಮುಂದೆ ಕಸದ ಜೊತೆ ಪೆಟ್ರೋಲ್ ಲಾನ್ ಮೂವರ್ ಇಟ್ಟಿದ್ದರು. ಕೇಳಿಯೇ ತಂದೆ. ಫೋರ್ ಸ್ಟ್ರೋಕ್ ಇಂಜಿನ್, ಇಷ್ಟು ಗಟ್ಟಿ ಮಾಲು ಗುಜರಿಗೆ ಹೋಗಬಾರದು ಅಲ್ವಾ?

ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್, ವಾರ್ನಿಷ್ ವಾಸನೆ. ಕಾರ್ಬೊರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಬಿಚ್ಚಿದರೆ ಪೆಟ್ರೋಲ್ ಹಾಯುವ ಮೇನ್ ಜೆಟ್ ತೂತು ಅಂಟಿನಿಂದ ಪೂರ್ತಿ ಮುಚ್ಚಿತ್ತು. ತೆಳ್ಳನೆ ತಾಮ್ರದ ತಂತಿ ಹಾಕಿ ಬಿಡಿಸಿದೆ. ಪ್ಲಗ್‌ನಲ್ಲಿ ಕಿಡಿಯೂ ಬರುತ್ತಿದೆ. ಆದರೂ ಸ್ಟಾರ್ಟ್ ಆಗುತ್ತಿಲ್ಲ. ಹಗ್ಗ ಎಳೆದರೆ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದೆಯುತ್ತದೆ. ಬ್ಲೇಡಿನ ಒಂದು ತುದಿ ಕಲ್ಲಿಗೆ ಹೊಡೆದ ಹಾಗೆ ಮಡಚಿದೆ. ಆ ಪೆಟ್ಟಿಗೆ ಫ್ಲೈವೀಲ್ ಕೀ (ಇಂಜಿನ್ನಿನ ಭಾರದ ಚಕ್ರವನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಸಣ್ಣ ಲೋಹದ ತುಂಡು) ತುಂಡಾಗಿ ಕಿಡಿ ಬರುವ ಟೈಮಿಂಗ್ ತಪ್ಪಿದೆ ಅಂತ ನನ್ನ ಅಂದಾಜು.

ಫ್ಲೈವೀಲ್ ಬಿಚ್ಚಲು ಯಾರಾದರೂ ಎರಡು ದಿನಕ್ಕೆ ಪುಲ್ಲರ್ (ಚಕ್ರವನ್ನು ಶಾಫ್ಟಿನಿಂದ ಎಳೆದು ತೆಗೆಯುವ ಸಾಧನ) ಕೊಡ್ತೀರಾ? ಸುತ್ತಿಗೆಯಲ್ಲಿ ಹೊಡೆಯಲು ಮನಸ್ಸಿಲ್ಲ, ಫ್ಲೈವೀಲ್ ಬಿರುಕು ಬಿಟ್ಟೀತು. ಆ ಕೀ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತಾ?