ಕ್ವಾಡ್ ಬೈಕ್ ಪೂರ್ತಿ ಬಿಚ್ಚುವವರಿಗೆ: ಬೋಲ್ಟು ಅದಲುಬದಲಾಗೋದು ತೊಳೆಯುವಾಗ

ತಿಕೋಟಾ ಕಡೆ ದ್ರಾಕ್ಷಿ ತೋಟ ಇರುವವರೊಬ್ಬರು ಕೇಳಿದ್ದಾರೆ: ರೆಸಾರ್ಟಿನಲ್ಲಿ ಓಡಿ ಸವೆದ ಕ್ವಾಡ್ ಬೈಕ್ (ನಾಲ್ಕು ಗಾಲಿಯ ಬೈಕ್) ಅಗ್ಗಕ್ಕೆ ಸಿಕ್ಕಿದೆ, ಚಾಸಿಗೆ ಬಣ್ಣ, ಹಿಂದಿನ ಆಕ್ಸಲ್‌ಗೆ ಬೇರಿಂಗ್, ಎಂಜಿನ್ ಕೆಲಸ ಎಲ್ಲಾ ಆಗಬೇಕು, ಇಷ್ಟೊಂದು ನಟ್ಟು ಬೋಲ್ಟು ಹೇಗೆ ಕಾಯ್ದುಕೊಳ್ಳಲಿ?

ನಾನು ಬೆಳಗಾವಿಯವನು, ಉದ್ಯಮಬಾಗದಲ್ಲಿ ಕೆಲಸ, ರಜೆ ಬಂದರೆ ಗಾಡಿ ಬಿಚ್ಚುವ ಹುಚ್ಚು. ಚೀಲ, ಡಬ್ಬಿ, ಲೇಬಲ್ ಅಂತ ಎಲ್ಲರೂ ಹೇಳ್ತಾರೆ, ಅದು ಬೇಕೇ ಬೇಕು. ಆದರೆ ನೋಡ್ರಿ, ಬಿಚ್ಚುವಾಗ ಸಾಮಾನು ಅದಲುಬದಲಾಗೋದು ಕಡಿಮೆ. ಆಗ ಹುರುಪಿರುತ್ತದೆ, ಲಕ್ಷ್ಯ ಇರುತ್ತದೆ. ಗೊಂದಲ ಶುರುವಾಗೋದು ಆಮೇಲೆ, ತೊಳೆಯುವಾಗ, ಲೇತ್ ಅಂಗಡಿಗೆ ಕೊಡುವಾಗ, ಪೇಂಟಿಗೆ ಕಳಿಸುವಾಗ. ಹತ್ತು ಚೀಲದ ಬೋಲ್ಟನ್ನು ಒಂದೇ ಡೀಸೆಲ್ ಬಕೆಟ್ಟಿಗೆ ಸುರಿದರೆ ನಿಮ್ಮ ಲೇಬಲ್ಲೆಲ್ಲ ದಂಡ. ದೊಡ್ಡ ಚಹಾ ಸೋಸುವ ಸ್ಟೀಲ್ ಜಾಲರಿ ತಗೊಳ್ಳಿ. ಒಂದು ಚೀಲ ಜಾಲರಿಗೆ ಹಾಕಿ, ಅದ್ದಿ, ಬ್ರಷ್ ಹೊಡೆದು, ಒರೆಸಿ, ಅದೇ ಚೀಲಕ್ಕೆ ಹಾಕಿದ ಮೇಲೇ ಮುಂದಿನದು. ಪೆಟ್ರೋಲಿನಲ್ಲಿ ಮಾತ್ರ ತೊಳೀಬೇಡಿ, ಒಂದು ಕಿಡಿ ಸಾಕು.

ಚೀಲದ ಮೇಲೆ ಮಾರ್ಕರ್‌ನಿಂದ ಬರೆದದ್ದು ಡೀಸೆಲ್ ಕೈ ತಾಗಿದರೆ ಅಳಿಸಿ ಹೋಗುತ್ತದೆ. ಪೆನ್ಸಿಲ್ಲಿನಿಂದ ಚೀಟಿ ಬರೆದು ಒಳಗೇ ಹಾಕಿ. ಸುಮ್ನೆ "ಮುಂದಿನ ಬೋಲ್ಟು" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. "ಮುಂದೆ, ಎಡ, ಮೇಲಿನ ಆರ್ಮ್, ಚಾಸಿ ಕಡೆ, 2 ಬೋಲ್ಟು 2 ನಟ್ಟು, ವಾಷರ್ ನಟ್ಟಿನ ಕಡೆ" ಹೀಗೆ ಬರೀಬೇಕು. ಎಡ ಬಲ ಅನ್ನೋದು ಸೀಟಿನ ಮೇಲೆ ಕೂತವನ ಎಡ ಬಲ, ಎದುರು ನಿಂತವನದ್ದಲ್ಲ.

ನಿಮ್ಮ ಕಡೆ ಎರೆ ಮಣ್ಣು ಅಲ್ವಾ, ಅದು ಅಲೆನ್ ಬೋಲ್ಟಿನ ತಲೆಯ ಆರು ಮೂಲೆಯ ಕುಳಿಯೊಳಗೆ ಕೂತು ಒಣಗಿದರೆ ಕಲ್ಲು. ಮೊಳೆಯಿಂದ ಕೆದರಿ ತೆಗೆಯದೆ ಅಲೆನ್ ಕೀ ಹಾಕಿದರೆ ಅದು ಅರ್ಧಕ್ಕೇ ನಿಂತು ತಲೆ ಸವೆಯುತ್ತದೆ. ಅದಕ್ಕೇ ಮೊದಲು ಗಾಡಿ ತೊಳೆಸಿ, ಆದರೆ ಪ್ರೆಷರ್ ನೀರನ್ನು ಬೇರಿಂಗ್, ವೈರಿಂಗ್, ಏರ್ ಫಿಲ್ಟರ್ ಕಡೆ ಹಿಡೀಬೇಡಿ. ಪ್ಲಾಸ್ಟಿಕ್ ಬಾಡಿ ತೆಗೆಯುವ ಮುಂಚೆ ಮತ್ತು ತೆಗೆದ ಮೇಲೆ ಮೊಬೈಲಿನಲ್ಲಿ ಫೋಟೊ ಹೊಡೀರಿ. ಬ್ರೇಕ್ ಪೈಪ್, ಎಕ್ಸಲರೇಟರ್ ಕೇಬಲ್ ಯಾವ ಪೈಪಿನ ಹಿಂದೆ ಹಾದು ಹೋಗಿದೆ ಅನ್ನೋದು ಕಾಣಬೇಕು. ಕೇಬಲ್ ತಪ್ಪು ದಾರಿಯಲ್ಲಿ ಹೋದರೆ ಹ್ಯಾಂಡಲ್ ತಿರುಗಿಸಿದಾಗ ಎಳೆದು ಎಂಜಿನ್ ತಾನೇ ರೇಸ್ ಆಗುತ್ತದೆ. ವೈರ್ ಕಪ್ಲರ್‌ನ ಎರಡೂ ತುಂಡಿಗೆ ಒಂದೇ ನಂಬರಿನ ಟೇಪ್ ಸುತ್ತಿ.

ಆದಷ್ಟು ಬೋಲ್ಟನ್ನು ಚೀಲಕ್ಕೇ ಹಾಕಬೇಡಿ. ಭಾಗ ತೆಗೆದ ಕೂಡಲೇ ಬೋಲ್ಟನ್ನು ಅದರದೇ ತೂತಿಗೆ ಎರಡು ಸುತ್ತು ತಿರುವಿ ಬಿಡಿ. ಪೇಂಟಿಗೆ ಹೋಗದ ಭಾಗಕ್ಕೆ ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಕ್ಲಚ್ ಕವರ್‌ಗೆ ಕುಂದಾ ಡಬ್ಬಿ ಬಳಸಿ. ತಮಾಷೆಯಲ್ಲ. ಖಾಲಿ ರಟ್ಟಿನ ಡಬ್ಬಿಯ ಮೇಲೆ ಕವರ್‌ನ ಆಕಾರ ಬರೆದು, ಬೋಲ್ಟು ಇರುವ ಕಡೆಯೆಲ್ಲ ತೂತು ಮಾಡಿ, ಬಿಚ್ಚಿದ ಹಾಗೆ ಆಯಾ ತೂತಿಗೆ ಸಿಕ್ಕಿಸಿ. ಆ ಬೋಲ್ಟುಗಳು ಒಂದೇ ದಪ್ಪ, ಆದರೆ ಉದ್ದ ಬೇರೆ ಬೇರೆ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಕವರ್ ಬಿಗಿಯಾಗುವ ಮುಂಚೆಯೇ ತಳ ಮುಟ್ಟಿ ನಿಲ್ಲುತ್ತದೆ, ಜೋರು ಮಾಡಿದರೆ ಅಲ್ಯೂಮಿನಿಯಂ ಒಡೆಯುತ್ತದೆ. ಗಿಡ್ಡದ್ದು ಉದ್ದ ತೂತಿಗೆ ಹೋದರೆ ಎರಡು ಮೂರು ಥ್ರೆಡ್ ಮಾತ್ರ ಹಿಡಿದು ಕಿತ್ತುಕೊಂಡು ಬರುತ್ತದೆ. ಎಂಜಿನ್ನಿನ ಮ್ಯಾಗ್ನೆಟ್ ಎಳೆದಾಗ ಅರ್ಧಚಂದ್ರದ ಸಣ್ಣ ಕೀ ಅದಕ್ಕೇ ಅಂಟಿಕೊಂಡು ಕಣ್ಮರೆಯಾಗುತ್ತದೆ, ಮೊದಲು ಅಲ್ಲಿ ಹುಡುಕಿ. ಇನ್‌ಟೇಕ್ ವಾಲ್ವಿನ ಸಾಮಾನು, ಎಕ್ಸಾಸ್ಟಿನದು ಬೇರೆ ಬೇರೆ ಡಬ್ಬಿಯಲ್ಲಿ.

ಆಕ್ಸಲ್‌ನ ವಾಷರ್, ಸ್ಪೇಸರ್‌ಗಳನ್ನು ಹೊರಬಂದ ಕ್ರಮದಲ್ಲೇ, ಮುಖ ಬದಲಿಸದೆ, ಬೈಂಡಿಂಗ್ ವೈರಿಗೆ ಪೋಣಿಸಿ ಗಂಟು ಹಾಕಿ. ಇದು ಜಮಖಂಡಿಯ ಟ್ರ್ಯಾಕ್ಟರ್ ಮಿಸ್ತ್ರಿ ಕಾಕಾ ಒಬ್ಬರ ಪದ್ಧತಿ. ಅವರ ಗ್ಯಾರೇಜಿನ ಗೋಡೆ ತುಂಬ ಇಂಥ ವೈರುಗಳೇ ತೂಗಾಡುತ್ತವೆ, ಚೀಟಿ ಒಂದೂ ಇಲ್ಲ. ನಮಗೆ ಚೀಟಿ ಬೇಕು ಬಿಡಿ. ಟೈ ರಾಡ್ (ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಗಾಲಿ ತಿರುಗಿಸುವ ಸರಳು) ಬಿಚ್ಚುವ ಮುಂಚೆ ಉದ್ದ ಅಳೆದು ಬರೆದುಕೊಳ್ಳಿ. ಸಾಮಾನ್ಯವಾಗಿ ಅದರ ಒಂದು ತುದಿಗೆ ಉಲ್ಟಾ ಥ್ರೆಡ್, ಆ ತುದಿಗೆ ಬಣ್ಣದ ಗುರುತು ಹಾಕಿಬಿಡಿ.

ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಭಟ್ಟಿಯಲ್ಲಿ ಕಾಯಿಸೋದು) ಮಾಡಿಸೋದಾದರೆ ಭಟ್ಟಿಯ ಶಾಖ ಸುಮಾರು 200 ಡಿಗ್ರಿವರೆಗೆ ಹೋಗುತ್ತದೆ, ಕಾಗದದ ಚೀಟಿ, ಟೇಪ್ ಏನೂ ಉಳಿಯಲ್ಲ. ತಗಡಿನ ಚೂರಿಗೆ ನಂಬರ್ ಪಂಚ್ ಹೊಡೆದು ತಂತಿಯಿಂದ ಕಟ್ಟಿ. ಕೊಡುವಾಗ ಎಲ್ಲವನ್ನೂ ನೆಲಕ್ಕೆ ಹರವಿ ಒಂದೇ ಫೋಟೊ ತೆಗೆದು ಅಂಗಡಿಯವರಿಗೂ ಕಳಿಸಿ, ವಾಪಸ್ ತರುವಾಗ ಅದನ್ನೇ ನೋಡಿ ಎಣಿಸಿ. ಬೇರಿಂಗ್ ಕೂಡುವ ಜಾಗ, ಥ್ರೆಡ್ ಇರುವ ತೂತು ಮುಚ್ಚಿಯೇ ಬಣ್ಣ ಹೊಡೀರಿ ಅಂತ ಬಾಯಿಬಿಟ್ಟು ಹೇಳಬೇಕು.

ಸ್ಪ್ಲಿಟ್ ಪಿನ್, ಪಿಸ್ಟನ್ ಪಿನ್ನು ಜಾರದಂತೆ ಹಿಡಿಯುವ ಸರ್ಕ್ಲಿಪ್, ಪ್ಯಾಕಿಂಗ್ (ಗ್ಯಾಸ್ಕೆಟ್) ಇವೆಲ್ಲ ಹೊಸದೇ ಹಾಕಿ. ಆದರೆ ಹೊಸದು ಕೈಗೆ ಬಂದು ಸರಿಯಾಗಿ ಕೂತ ಮೇಲೇ ಹಳೆಯದು ಗುಜರಿಗೆ ಹೋಗಲಿ. ಕ್ವಾಡ್ ಸಾಮಾನು ಎಲ್ಲ ಅಂಗಡಿಯಲ್ಲಿ ಸಿಗಲ್ಲ, ಸ್ಯಾಂಪಲ್ ತೋರಿಸಿ ಕೇಳಬೇಕಾಗುತ್ತದೆ. ಹರಿದ ಪ್ಯಾಕಿಂಗ್ ಇದ್ದರೂ ಸಾಕು, ಶೀಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿಕೊಳ್ಳಬಹುದು. ಮಾಡೆಲ್ ಯಾವುದು, ಎಷ್ಟು ಸಿಸಿ ಅಂತ ಬರೀರಿ, ಬೇರಿಂಗ್ ಮೇಲಿನ ನಂಬರ್ ಓದಲು ಬಂದರೆ ಅದನ್ನೂ.