ಪದಚರ್ಚೆ: ಎಲ್ಲ ಲಿಂಫ್ ನಾಳವೂ ‘ದುಗ್ಧನಾಳ’ವೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆ ಲಿಂಫ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ರಕ್ತನಾಳಗಳಿಂದ ಸೋರಿ, ತನ್ನದೇ ನಾಳಗಳಲ್ಲಿ ಹರಿದು ಮತ್ತೆ ರಕ್ತ ಸೇರುವ ದ್ರವ ಅದು. ಪಠ್ಯಪುಸ್ತಕಗಳಲ್ಲಿ ಅದಕ್ಕೆ ದುಗ್ಧರಸ, ಅದು ಹರಿಯುವ ನಾಳಕ್ಕೆ ದುಗ್ಧನಾಳ ಎಂದಿದೆ. ದುಗ್ಧ ಅಂದರೆ ಹಾಲು. ಆದರೆ ಕೈಕಾಲಿನಿಂದ ಬರುವ ಲಿಂಫ್ ತಿಳಿಯಾಗಿರುತ್ತದೆ, ಸ್ವಲ್ಪ ಹಳದಿ ಅಷ್ಟೆ. ಲಿಂಫ್ ಪದದ ಲ್ಯಾಟಿನ್ ಮೂಲದ ಅರ್ಥವೂ ತಿಳಿನೀರು.

ಹಾಲಿನ ಬಣ್ಣ ಬರುವುದು ಕರುಳಿನ ನಾಳಗಳಲ್ಲಿ, ಅದೂ ಕೊಬ್ಬಿರುವ ಊಟ ಆದ ಮೇಲೆ. ಕರುಳು ಕಟ್ಟುವ ಕೊಬ್ಬಿನ ಕಣಗಳು ಸಣ್ಣ ರಕ್ತನಾಳದೊಳಗೆ ನುಗ್ಗಲಾರದಷ್ಟು ದೊಡ್ಡವು, ಹಾಗಾಗಿ ಅವು ಈ ನಾಳ ಹಿಡಿದೇ ಹೋಗಬೇಕು. 1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯ ಹೊಟ್ಟೆಯಲ್ಲಿ ಕಂಡ ಬಿಳಿ ಎಳೆಗಳು ಇವೇ. ಇಂಗ್ಲಿಷಿನಲ್ಲಿ ಇವಕ್ಕೆ ಮಾತ್ರ ಲ್ಯಾಕ್ಟಿಯಲ್ (ಹಾಲಿನಂಥದ್ದು) ಅನ್ನುತ್ತಾರೆ. ನಾವು ಹಾಲಿನ ಹೆಸರನ್ನು ಇಡೀ ಮೈಗೆ ಹಂಚಿದ್ದೇವೆ, ಇನ್ನು ಕರುಳಿನದಕ್ಕೆ ಏನನ್ನೋಣ?

ಇದು ಸುಮ್ನೆ ಹೆಸರಿನ ತಕರಾರಲ್ಲ. ಒಂದೊಂದು ಅಂಗದಲ್ಲಿ ಲಿಂಫ್ ನಾಳದ ಹುಟ್ಟೂ ಕೆಲಸವೂ ಬೇರೆ ಅನ್ನುವುದೇ ನನ್ನ ಲೇಖನದ ತಿರುಳು. ಭ್ರೂಣದಲ್ಲಿ ಹೆಚ್ಚಿನವು ಅಭಿಧಮನಿಗಳಿಂದ ಕವಲೊಡೆಯುತ್ತವೆ. ಹಂದಿಯ ಭ್ರೂಣದಲ್ಲಿ ಇದನ್ನು ತೋರಿಸಿದವರು ಅಮೆರಿಕದ ಅಂಗರಚನಾ ವಿಜ್ಞಾನಿ ಫ್ಲಾರೆನ್ಸ್ ಸೇಬಿನ್, 1902ರಲ್ಲಿ. ಇಲಿಗಳಲ್ಲಿ ನೋಡಿದರೆ ಹೃದಯದ ಕೆಲವು ಲಿಂಫ್ ನಾಳಗಳ ಮೂಲ ಬೇರೆ. ಮಿದುಳಿನ ಹೊದಿಕೆಯವು ಬಹುಪಾಲು ಹುಟ್ಟಿದ ಮೇಲೆ ಬೆಳೆಯುತ್ತವೆ, ಅವು ಗಟ್ಟಿಯಾಗಿ ಸುದ್ದಿಯಾದದ್ದೂ 2015ರಲ್ಲಿ. ಶ್ವಾಸಕೋಶದಲ್ಲಿ ಲಿಂಫನ್ನು ತಳ್ಳಲು ಉಸಿರಾಟವೇ ಬೇಕು, ಅಲ್ಲಿನ ನಾಳಗಳಿಗೆ ಸ್ನಾಯುವಿನ ಹೊದಿಕೆ ಕಡಿಮೆ. ಮಿದುಳಿನ ಹೊದಿಕೆಯ ನಾಳವನ್ನೂ ದುಗ್ಧನಾಳ ಅಂದರೆ ಮಗು ಅಲ್ಲೂ ಹಾಲು ಹರಿಯುತ್ತದೆ ಅಂದುಕೊಳ್ಳುವುದು ಸಹಜ, ಅಲ್ವಾ?

ಇನ್ನೊಂದು ತೊಡಕು ದುಗ್ಧಗ್ರಂಥಿ, ಅಂದರೆ ಲಿಂಫ್ ನಾಳದ ದಾರಿಯಲ್ಲಿರುವ ಸಣ್ಣ ಗಂಟು. ಕಂಕುಳಲ್ಲಿ ದುಗ್ಧಗ್ರಂಥಿ ಊದಿದೆ ಅಂತ ಬರೆದರೆ ಎದೆಹಾಲಿನ ಗ್ರಂಥಿ ಅಂತಲೇ ಓದುವವರು ಜಾಸ್ತಿ. ಮನೆಗಳಲ್ಲಿ ಕಂಕುಳಲ್ಲಿ ಗಂಟು ಬಂದಿದೆ ಅನ್ನುತ್ತೇವೆ, ಅದು ಎಲ್ಲರಿಗೂ ತಿಳಿಯುತ್ತದೆ.

ನನ್ನ ಒಲವು ಹೀಗಿದೆ. ಸಾಮಾನ್ಯಕ್ಕೆ ಲಿಂಫ್ ನಾಳ, ಕರುಳಿನದಕ್ಕೆ ಮಾತ್ರ ಹಾಲುನಾಳ. ದುಗ್ಧರಸ ಅನ್ನುವುದು ಶಾಲೆಯ ಪರೀಕ್ಷೆಯಲ್ಲಿ ಬರುವ ಪದ, ಆದ್ದರಿಂದ ಅದನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ಲಿಂಫ್ ಅನ್ನುವುದಕ್ಕಿಂತ ಒಳ್ಳೆಯ ಕನ್ನಡ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಕರಾವಳಿ ಮತ್ತು ಕಲಬುರಗಿ ಕಡೆಯವರಲ್ಲಿ ಇನ್ನೊಂದು ವಿಷಯ ಕೇಳಬೇಕು. ಆನೆಕಾಲು ರೋಗದ ಹುಳು ಬದುಕುವುದು ಇದೇ ಲಿಂಫ್ ನಾಳಗಳಲ್ಲಿ. ರೋಗ ನಿಮ್ಮಲ್ಲಿ ಹಳೆಯದು. ಆ ನಾಳಕ್ಕೆ, ಇಲ್ಲವೇ ಜ್ವರದ ಜೊತೆ ತೊಡೆಸಂದಿಯಲ್ಲಿ ಏಳುವ ಆ ಗಂಟಿಗೆ ಹಿರಿಯರ ಬಾಯಲ್ಲಿ ಬೇರೆ ಹೆಸರು ಇದೆಯಾ?