ಅಪ್‌ಡೇಟ್: ನಿಧಾನಕ್ಕೆ ಕಾರಣ ಸಿಕ್ಕಿತು, ಕೇಬಲ್ ತುದಿಯಲ್ಲಿತ್ತು

ಬಸವನಗುಡಿಯ ನಮ್ಮ ಟ್ಯೂಷನ್ ಸೆಂಟರ್‌ನಲ್ಲಿ ಗಿಗಾಬಿಟ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಸೆಕೆಂಡಿಗೆ 1000 ಮೆಗಾಬಿಟ್ ವೇಗದಲ್ಲಿ ಜೋಡಿಸುವ ಪೆಟ್ಟಿಗೆ) ಇದ್ದರೂ ಒಂದು ಕಂಪ್ಯೂಟರ್‌ಗೆ ಮಾತ್ರ ಫೈಲ್ ಕಾಪಿ ಯಾಕೆ ಇಷ್ಟು ನಿಧಾನ ಅಂತ ಕೇಳಿದ್ದೆ. ಪಿಂಗ್ (ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದೆಯೇ ಅಂತ ನೋಡುವ ಪರೀಕ್ಷೆ) ಸರಿಯಾಗಿಯೇ ಬರುತ್ತಿತ್ತು, ತಲೆ ಕೆಡಿಸಿದ್ದು ಅದೇ.

ನೀವು ಹೇಳಿದಂತೆ ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯುವ ಪ್ರೋಗ್ರಾಂ) ಓಡಿಸಿದೆ. ಬೇರೆ ಕಂಪ್ಯೂಟರ್‌ಗಳ ನಡುವೆ ಸುಮಾರು 940 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಇದರಲ್ಲಿ ಬರೀ 94. ಅಂದರೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ, ಅಲ್ವಾ? ಕೇಬಲ್ ಟೆಸ್ಟರ್‌ನಲ್ಲಿ 7ನೇ ದೀಪ ಹತ್ತಲೇ ಇಲ್ಲ, ಅಂದರೆ ಕೇಬಲ್ ಒಳಗಿನ 8 ತಂತಿಗಳಲ್ಲಿ 7ನೆಯದು ಸರಿಯಾಗಿ ಕೂಡಿರಲಿಲ್ಲ. 100ಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಪಿಂಗ್ ಕಳಿಸುವುದು ಚಿಕ್ಕ ಡೇಟಾ, ಹಾಗಾಗಿ ಅದಕ್ಕೆ ಇದು ಗೊತ್ತಾಗುವುದೇ ಇಲ್ಲ.

ಎಸ್.ಪಿ. ರೋಡ್‌ನಿಂದ ಆರ್‌ಜೆ45 ಕನೆಕ್ಟರ್ (ಕೇಬಲ್ ತುದಿಯ ಪ್ಲಗ್) ತಂದು ತುದಿಯನ್ನು ಹೊಸದಾಗಿ ಕ್ರಿಂಪ್ ಮಾಡಿಸಿದೆ, ಅಂದರೆ ತಂತಿಗಳನ್ನು ಪ್ಲಗ್‌ಗೆ ಒತ್ತಿ ಕೂರಿಸಿಸಿದೆ. ಈಗ ಇದೂ 940ರ ಹತ್ತಿರ ಓಡುತ್ತಿದೆ. ಐಪರ್ಫ್ ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಉಳಿದ ಕೇಬಲ್‌ಗಳನ್ನೂ ಟೆಸ್ಟರ್‌ಗೆ ಹಾಕಿ ನೋಡುತ್ತೇನೆ.